‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’: ಇದು ಕೈಚಳಕದ ಪ್ರದರ್ಶನವೇ, ನಾನು ಕೇಳುತ್ತಿರುವ ರೀತಿಯೇ ಸರಿಯಿಲ್ಲವೇ?

ಹೊಸಕೇಳುಗ:

ಎಲ್ಲರಿಗೂ ನಮಸ್ಕಾರ. ಜಾಝ್ ಮತ್ತು ರಾಕ್ ಬೆರೆತ ಜಾಝ್ ಫ್ಯೂಷನ್ ಸಂಗೀತವನ್ನು ನಾನು ಕೇಳತೊಡಗಿದ್ದು ತೀರ ಈಚೆಗೆ, ಅದೂ ವೆದರ್ ರಿಪೋರ್ಟ್ ತಂಡದ 1977ರ ‘ಹೆವಿ ವೆದರ್’ ಆಲ್ಬಮ್‌ನಿಂದ. ಜಾಕೊ ಪಾಸ್ಟೋರಿಯಸ್ ಅವರ ಬೇಸ್ ಗಿಟಾರ್ ಹಾಡಿದಂತೆಯೇ ನುಡಿಯುವುದಕ್ಕೆ ಮನಸೋತು, ಇದೇ ಬಗೆಯ ಇನ್ನೇನನ್ನು ಕೇಳಬಹುದು ಎಂದು ವಿಚಾರಿಸಿದಾಗ ಬಲ್ಲವರೆಲ್ಲ ಹೇಳಿದ್ದು ಒಂದೇ ಹೆಸರು: ಮಹಾವಿಷ್ಣು ಆರ್ಕೆಸ್ಟ್ರಾ ತಂಡದ ಮೊದಲ ಆಲ್ಬಮ್, 1971ರ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’. ಎರಡು ವಾರಗಳಲ್ಲಿ ಅದನ್ನು ಐದು ಸಲ ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇನೆ. ಐದನೆಯ ಸಲ ಮುಗಿದಾಗಲೂ ನನ್ನಲ್ಲಿ ಮೆಚ್ಚುಗೆಗಿಂತ ಆಯಾಸವೇ ಹೆಚ್ಚಾಗಿ ಉಳಿದಿತ್ತು.

ನನ್ನ ತೊಡಕನ್ನು ಆದಷ್ಟು ಬಿಡಿಸಿ ಹೇಳುತ್ತೇನೆ. ಮೊದಲ ಕೃತಿಯಾದ ‘ಮೀಟಿಂಗ್ ಆಫ್ ದ ಸ್ಪಿರಿಟ್ಸ್’ ತೆರೆದುಕೊಳ್ಳುವ ರೀತಿ, ಅಂದರೆ ಇಡೀ ತಂಡ ಒಟ್ಟಾಗಿ ಹೆಬ್ಬಾಗಿಲನ್ನು ಗುದ್ದಿದಂತೆ ನುಡಿಸುವ ಆ ಸ್ವರಮೇಳಗಳು ಮತ್ತು ಅವುಗಳ ನಡುವಿನ ಬಿಗುವು, ನಿಜಕ್ಕೂ ಮೈ ನವಿರೇಳಿಸುತ್ತದೆ. ಆದರೆ ಅಲ್ಲಿಂದ ಮುಂದೆ ಗಿಟಾರ್, ಪಿಟೀಲು, ಎಲೆಕ್ಟ್ರಿಕ್ ಪಿಯಾನೊ ಈ ಮೂರೂ ಹೆಚ್ಚುಕಡಿಮೆ ಒಂದೇ ಸ್ಥಾಯಿಯಲ್ಲಿ, ಒಂದೇ ವೇಗದಲ್ಲಿ, ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಂಡಂತೆ ಓಡತೊಡಗಿದರೆ, ಯಾರು ಏನು ಹೇಳುತ್ತಿದ್ದಾರೆ ಎಂಬುದೇ ತಿಳಿಯದೆ ನನ್ನ ಗಮನ ಜಾರಿಹೋಗುತ್ತದೆ. ಮೂರನೆಯ ಕೃತಿ ‘ದ ನೂನ್‌ವರ್ಡ್ ರೇಸ್’ ಬರುವಷ್ಟರಲ್ಲಿ ನಾನು ಸಂಗೀತವನ್ನು ಕೇಳುತ್ತಿರುವುದಿಲ್ಲ, ಅದು ಮುಗಿಯುವುದನ್ನು ಕಾಯುತ್ತಿರುತ್ತೇನೆ.

ನನಗೆ ಹಿಡಿಸಿದ್ದು ಎರಡೇ ಕೃತಿಗಳು. ಡ್ರಮ್ಸ್ ಮತ್ತು ಬೇಸ್ ಎರಡೂ ಇಲ್ಲದ, ಗಿಟಾರ್, ಪಿಯಾನೊ, ಪಿಟೀಲು ಮಾತ್ರ ಸೇರಿ ನುಡಿಸುವ ‘ಎ ಲೋಟಸ್ ಆನ್ ಐರಿಷ್ ಸ್ಟ್ರೀಮ್ಸ್’ ಒಂದು. ಇನ್ನೊಂದು, ಗ್ರಾಮಫೋನ್ ತಟ್ಟೆಯ ಎರಡನೆಯ ಬದಿಯಲ್ಲಿರುವ ‘ಯೂ ನೋ ಯೂ ನೋ’. ಎಂಟರಲ್ಲಿ ಎರಡು ಮಾತ್ರ ಹಿಡಿಸಿದವು ಎಂದರೆ ಆಲ್ಬಮ್ ನನಗೆ ಒಗ್ಗಲಿಲ್ಲ ಎಂದೇ ಅರ್ಥ. ಹಾಗಿದ್ದೂ ಇದನ್ನು ಕೈಬಿಡಲು ಮನಸ್ಸಾಗುತ್ತಿಲ್ಲ, ಏಕೆಂದರೆ ಇದನ್ನು ಮೆಚ್ಚುವವರು ಮಾತನಾಡುವಾಗ ಬರಿಯ ವೇಗದ ಬೆರಗಿಗಿಂತ ಆಳವಾದ ಒಂದು ಅಕ್ಕರೆ ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯುವ ಆಸೆ ನನಗಿದೆ. ಇಷ್ಟು ವೇಗ ಈ ಸಂಗೀತಕ್ಕೆ ಬೇಕಿತ್ತೇ? ಧ್ವನಿಮುದ್ರಣವೇ ತೆಳುವಾಗಿ, ಚೂಪಾಗಿ ಕೇಳಿಸುವುದು ನನ್ನ ಹೆಡ್‌ಫೋನಿನ ದೋಷವೇ? ಅಥವಾ ಇದಕ್ಕೆ ಮೊದಲು ಬೇರೆ ಏನನ್ನಾದರೂ ಕೇಳಿ ಕಿವಿ ಹದಮಾಡಿಕೊಳ್ಳಬೇಕಿತ್ತೇ? ದಯವಿಟ್ಟು ‘ಕೇಳುತ್ತಾ ಹೋಗಿ, ತಾನೇ ಹಿಡಿಸುತ್ತದೆ’ ಎಂದು ಮಾತ್ರ ಹೇಳಬೇಡಿ. ಐದು ಸಲ ಕೇಳಿ ಆಗಿದೆ.

ಲಯಲೆಕ್ಕ:

ಹೊಸಕೇಳುಗ ಅವರೇ, ಆಯಾಸವಾಯಿತೆಂದು ನೇರವಾಗಿ ಬರೆದಿರುವುದು ಒಳ್ಳೆಯದಾಯಿತು. ನಾನು ಮೊದಲ ಸಲ ಕೇಳಿದಾಗ ಸರಿಯಾಗಿ ಅದೇ ‘ನೂನ್‌ವರ್ಡ್ ರೇಸ್’ ಅರ್ಧದಲ್ಲಿ ನಿಲ್ಲಿಸಿ, ಆರು ತಿಂಗಳು ಆ ಕಡೆ ತಲೆಹಾಕಿರಲಿಲ್ಲ. ಈಗ ಇದು ನಾನು ಅತಿ ಹೆಚ್ಚು ಸಲ ಕೇಳಿರುವ ಆಲ್ಬಮ್‌ಗಳಲ್ಲಿ ಒಂದು. ನಡುವೆ ಏನು ಬದಲಾಯಿತು ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ನೀವು ಓಡುವವರನ್ನೇ ಹಿಂಬಾಲಿಸುತ್ತಿದ್ದೀರಿ, ಅದಕ್ಕೇ ಏದುಸಿರು ಬರುತ್ತಿದೆ. ಈ ಆಲ್ಬಮ್‌ನ ಹೆಚ್ಚಿನ ಕೃತಿಗಳಲ್ಲಿ ಓಡದೆ ಇರುವ ಒಂದು ವಸ್ತು ಇದೆ. ತಂಡದ ನಾಯಕ, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಸ್ವರಮೇಳವೊಂದನ್ನು ಒಟ್ಟಿಗೆ ಬಾರಿಸದೆ, ಒಂದೊಂದೇ ಸ್ವರವಾಗಿ ಬಿಡಿಸಿ ಮೀಟುತ್ತಾ ಒಂದು ಸುತ್ತನ್ನು ಕಟ್ಟುತ್ತಾರೆ. ಆ ಸುತ್ತು ತಿರುಗುತ್ತಲೇ ಇರುತ್ತದೆ, ಮೇಲಿನದೆಲ್ಲ ಅದರ ಆಸರೆಯಲ್ಲಿ ನಡೆಯುತ್ತದೆ. ‘ಮೀಟಿಂಗ್ ಆಫ್ ದ ಸ್ಪಿರಿಟ್ಸ್’ನಲ್ಲಿ ನೀವು ಮೆಚ್ಚಿದ ಆ ಗುದ್ದುಗಳು ಮುಗಿದ ಕೂಡಲೇ ಅಂಥದೊಂದು ಸುತ್ತು ಶುರುವಾಗುತ್ತದೆ. ಮುಂದಿನ ಸಲ ಪಿಟೀಲು ಬಂದರೂ ಅದರ ಬೆನ್ನು ಹತ್ತದೆ ಈ ಸುತ್ತಿನಲ್ಲೇ ಕಿವಿಯಿಟ್ಟು ಕೂತುಬಿಡಿ. ಅದು ಇನ್ನೊಂದು ವಾದ್ಯಕ್ಕೆ ವರ್ಗವಾದರೆ ಅಲ್ಲಿಗೆ ಹೋಗಿ. ಕೇಳದಂತಾದರೆ ಮನಸ್ಸಿನಲ್ಲೇ ಮುಂದುವರಿಸಿ. ತಾಳ ಹಾಕುತ್ತಾ ಕಛೇರಿ ಕೇಳಿದ ಅಭ್ಯಾಸ ಇದ್ದವರಿಗೆ ಇದು ಹೊಸದೇನಲ್ಲ: ತನಿ ಆವರ್ತನದಲ್ಲಿ ಮೃದಂಗದವರು ಎಲ್ಲೆಲ್ಲೋ ಸುತ್ತಾಡುತ್ತಿರುವಾಗ ನಮ್ಮ ಕೈ ತೊಡೆಯ ಮೇಲೆ ಸಮಾಧಾನವಾಗಿ ಆದಿತಾಳವನ್ನು ಹಾಕುತ್ತಿರುತ್ತದೆ. ಆ ಕೈ ನಿಂತರೆ ಮೃದಂಗದ ಮಾತೆಲ್ಲ ಬರಿಯ ಸದ್ದಾಗುತ್ತದೆ.

ಇದನ್ನು ಪರೀಕ್ಷಿಸಿ ನೋಡಲು ತಕ್ಕ ಜಾಗವೆಂದರೆ ಎರಡನೆಯ ಬದಿಯ ‘ದ ಡಾನ್ಸ್ ಆಫ್ ಮಾಯಾ’. ಏಳು ನಿಮಿಷ ದಾಟುವ ಈ ಕೃತಿಯೇ ಆಲ್ಬಮ್‌ನಲ್ಲಿ ಅತಿ ಉದ್ದವಾದದ್ದು. ಮೊದಲು ಗಿಟಾರ್ ಒಂಟಿಯಾಗಿ, ಹೆದರಿಸುವಂಥ ನಿಧಾನದಲ್ಲಿ, ಹತ್ತು ಎಣಿಕೆಯ ಒಂದು ಸುತ್ತನ್ನು ಬಿಡಿಬಿಡಿಯಾಗಿ ಮೀಟುತ್ತದೆ. ಅದರಲ್ಲಿನ ಸ್ವರಗಳು ಎಲ್ಲೂ ನೆಲೆ ನಿಲ್ಲುವುದಿಲ್ಲ. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಇದೆಯೆಂದು ಕಾಲಿಟ್ಟು ಅದು ಇಲ್ಲದೆ ಹೋದಂತೆ ಆಗುತ್ತದೆ. ತಂಡ ಸೇರಿಕೊಂಡು ಅದೇ ಸುತ್ತನ್ನು ದಪ್ಪಗೊಳಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ತೆರವಾಗಿ, ಸಾಮಾನ್ಯ ಬ್ಲೂಸ್ ಹಾಡಿನಂಥ ಕುಲುಕುನಡೆಯೊಂದು ಆರಂಭವಾಗುತ್ತದೆ. ತಲೆದೂಗಲು ಹೊರಡುತ್ತೀರಿ, ಆದರೆ ಪ್ರತಿ ಸುತ್ತಿನ ಕೊನೆಯಲ್ಲೂ ಕಾಲು ಎಡವುತ್ತದೆ. ಕಾರಣ, ಈ ನಡೆ ಮೂರು ಮೂರಾಗಿ ಕುಲುಕುತ್ತಿದ್ದರೂ ಸುತ್ತಿನ ಒಟ್ಟು ಎಣಿಕೆ ಇಪ್ಪತ್ತು. ಮೂರರ ಲೆಕ್ಕ ಇಪ್ಪತ್ತಕ್ಕೆ ಎಂದೂ ಸರಿಹೋಗದು. ಆರು ಮೂರು ಹದಿನೆಂಟಾದ ಮೇಲೆ ಎರಡು ಉಳಿಯುತ್ತವೆ. ಕೇಳುವವರಿಗೆ ಇದು ತುಂಟತನದಂತೆ ತೋರುತ್ತದೆ. ಆದರೆ ಕೃತಿಯ ಕೊನೆಗೆ ಬಂದಾಗ ಆ ಇಪ್ಪತ್ತು ಏಕೆ ಎಂಬುದು ಗೊತ್ತಾಗುತ್ತದೆ: ಕುಲುಕುನಡೆ ನಡೆಯುತ್ತಿರುವಾಗಲೇ ಅದರ ಮೇಲೆ ಆರಂಭದ ಹತ್ತರ ಸುತ್ತು ಮರಳಿ ಬಂದು ಕೂರುತ್ತದೆ. ಎರಡು ಹತ್ತು ಒಂದು ಇಪ್ಪತ್ತು. ಬೇರೆ ಬೇರೆ ಎಂದುಕೊಂಡಿದ್ದ ಎರಡು ಭಾಗಗಳು ಒಂದರೊಳಗೊಂದು ಸೇರಿಕೊಳ್ಳುವ ಆ ಗಳಿಗೆಯನ್ನು ಅನುಭವಿಸಲು ವೇಗದ ಬಗ್ಗೆ ಯಾವ ಅಭಿಪ್ರಾಯವೂ ಇರಬೇಕಾಗಿಲ್ಲ.

ಹಾಗೆಂದು ಕಾಗದ ಪೆನ್ಸಿಲ್ ಹಿಡಿದು ಎಣಿಸಲು ಕೂರಬೇಡಿ. ‘ಡಾನ್’ ಏಳರಲ್ಲಿದೆ, ‘ವೈಟಲ್ ಟ್ರಾನ್ಸ್‌ಫರ್ಮೇಶನ್’ ಒಂಬತ್ತರಲ್ಲಿದೆ ಎಂಬುದೆಲ್ಲ ನಿಜವೇ. ನಾನೂ ಒಂದು ಕಾಲದಲ್ಲಿ ಎಂಟೂ ಕೃತಿಗಳ ಎಣಿಕೆಯನ್ನು ಪಟ್ಟಿ ಮಾಡಿದ್ದೆ. ಆ ಒಂದು ತಿಂಗಳು ಅಂಕಿಗಳು ಕೇಳಿಸಿದವೇ ಹೊರತು ಸಂಗೀತ ಕೇಳಿಸಲಿಲ್ಲ. ಮಿಶ್ರ ಚಾಪು ಹಾಕುವವರು ಮನಸ್ಸಿನಲ್ಲಿ ಒಂದರಿಂದ ಏಳರವರೆಗೆ ಎಣಿಸುತ್ತಾರೆಯೇ? ಮೂರು ಮತ್ತು ನಾಲ್ಕರ ಆ ಓಲಾಟ ಮೈಗೆ ಹತ್ತಿರುತ್ತದೆ, ಅಷ್ಟೇ. ಇಲ್ಲಿಯೂ ಅದೇ ಸಾಕು.

ಇನ್ನು ಮೊದಲೇ ಏನನ್ನು ಕೇಳಬೇಕಿತ್ತು ಎಂಬ ಪ್ರಶ್ನೆ. ‘ಹೆವಿ ವೆದರ್’ನಿಂದ ನೇರವಾಗಿ ಇಲ್ಲಿಗೆ ಬಂದದ್ದು ಸ್ವಲ್ಪ ಕಷ್ಟದ ದಾರಿ, ಏಕೆಂದರೆ ಅದು ಆರು ವರ್ಷಗಳ ನಂತರದ, ಬಹಳ ಹದವಾಗಿ ಹೆಣೆದ ಆಲ್ಬಮ್. ಎರಡೂ ತಂಡಗಳ ಬೇರು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಬಳಗದಲ್ಲಿದೆ. 1969ರಲ್ಲಿ ಮುದ್ರಣವಾದ ‘ಇನ್ ಎ ಸೈಲೆಂಟ್ ವೇ’ಯಲ್ಲಿ ವೆದರ್ ರಿಪೋರ್ಟ್ ತಂಡವನ್ನು ಮುಂದೆ ಕಟ್ಟಿದ ಜೋ ಝಾವಿನುಲ್ ಮತ್ತು ವೇಯ್ನ್ ಶಾರ್ಟರ್ ಇದ್ದಾರೆ, ಮೆಕ್‌ಲಾಫ್ಲಿನ್ ಕೂಡ ಇದ್ದಾರೆ. ಆದರೆ ನಿಮಗೆ ನಾನು ಹೇಳುವುದು ಡೇವಿಸ್ ಅವರ ‘ಜಾಕ್ ಜಾನ್ಸನ್’ ಆಲ್ಬಮ್‌ನ ಮೊದಲ ಬದಿ, ‘ರೈಟ್ ಆಫ್’. ಅದರಲ್ಲಿ ಇದೇ ಮೆಕ್‌ಲಾಫ್ಲಿನ್, ಈ ತಂಡದಲ್ಲಿ ಡ್ರಮ್ಸ್ ನುಡಿಸುವ ಇದೇ ಬಿಲ್ಲಿ ಕೋಬಮ್ ಸುಮಾರು ಇಪ್ಪತ್ತೇಳು ನಿಮಿಷ ಒಂದು ಕುಲುಕುನಡೆಯನ್ನು ಸಡಿಲವಾಗಿ, ಯಾವ ಅವಸರವೂ ಇಲ್ಲದೆ ನುಡಿಸುತ್ತಾರೆ. ಅದನ್ನು ಕೇಳಿ ‘ಡಾನ್ಸ್ ಆಫ್ ಮಾಯಾ’ದ ನಡುಭಾಗಕ್ಕೆ ಬಂದರೆ, ಅದೇ ಇಬ್ಬರು ಅದೇ ನಡೆಯನ್ನು ಹೇಗೆ ಬಿಗಿ ಮಾಡಿದ್ದಾರೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ತಂತಿನಾದ:

ಲಯಲೆಕ್ಕ ಅವರ ಬರಹವನ್ನು ಸಂತೋಷದಿಂದ ಓದಿದೆ, ‘ಮಾಯಾ’ದ ಬಗ್ಗೆ ಅವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಹೊಸಕೇಳುಗ ಅವರಿಗೆ ಕೇಳುವುದು ಗೊತ್ತಿಲ್ಲ ಎಂಬಂತೆ ನಾವು ಮಾತನಾಡಬಾರದು. ಅವರ ಕಿವಿ ಹಿಡಿದಿರುವ ದೋಷಗಳು ಆಲ್ಬಮ್‌ನಲ್ಲಿ ನಿಜವಾಗಿ ಇವೆ. ಹವ್ಯಾಸಕ್ಕೆ ಪಿಟೀಲು ನುಡಿಸುವ ನನಗೆ, ಈ ಸಂಗೀತವನ್ನು ಬಹಳ ವರ್ಷಗಳಿಂದ ಪ್ರೀತಿಸುತ್ತಿದ್ದರೂ, ಇದನ್ನು ಒಂದೇ ಉಸಿರಿಗೆ ಕೇಳಿ ಮುಗಿಸಲು ಇಂದಿಗೂ ಆಗುವುದಿಲ್ಲ. ಸುಮಾರು 46 ನಿಮಿಷದ ಆಲ್ಬಮ್ಮನ್ನು ಒಂದು ಬದಿ ಇಂದು, ಇನ್ನೊಂದು ಬದಿ ನಾಳೆ ಎಂದು ಕೇಳುತ್ತೇನೆ. ಅದು ಹೊರಬಂದದ್ದೇ ತಟ್ಟೆಯ ಎರಡು ಬದಿಗಳಾಗಿ, ನಾಲ್ಕು ನಾಲ್ಕು ಕೃತಿಗಳಾಗಿ, ಮಧ್ಯೆ ಎದ್ದು ಹೋಗಿ ತಟ್ಟೆ ಮಗುಚುವ ವಿರಾಮದೊಡನೆ. ‘ಲೋಟಸ್’ ಮೊದಲ ಬದಿಯ ಕೊನೆಯಲ್ಲಿ ಇರುವುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ: ಅದು ಮುಗಿದ ಮೇಲೆ ಮೌನ ಬೇಕು. ಈಗ ಎಂಟನ್ನೂ ಎಡೆಬಿಡದೆ ಕೇಳುವವರಿಗೆ ‘ಲೋಟಸ್’ನ ಕೊನೆಯ ಸ್ವರ ಆರುವ ಮೊದಲೇ ‘ವೈಟಲ್ ಟ್ರಾನ್ಸ್‌ಫರ್ಮೇಶನ್’ನ ಡ್ರಮ್ಸ್ ಬಂದು ಮುಖಕ್ಕೆ ಹೊಡೆಯುತ್ತದೆ.

ಚೂಪುತನದ ವಿಚಾರವಾಗಿ ಒಂದು ಮಾತು. ಗಿಟಾರಿನಲ್ಲಿ ಸ್ವರಗಳ ಜಾಗವನ್ನು ನಿಗದಿ ಮಾಡುವ ಮೆಟ್ಟುಗಳಿವೆ (ಫ್ರೆಟ್), ಪಿಟೀಲಿನಲ್ಲಿ ಇಲ್ಲ. ಹೀಗಾಗಿ ಇವೆರಡೂ ಒಂದೇ ಸ್ವರಸಾಲನ್ನು ಆ ವೇಗದಲ್ಲಿ ಜೊತೆಯಾಗಿ ನುಡಿಸಿದಾಗ, ಪಿಟೀಲುವಾದಕ ಜೆರ್ರಿ ಗುಡ್‌ಮನ್ ಎಷ್ಟೇ ನುರಿತವರಾಗಿದ್ದರೂ, ಎರಡರ ಶ್ರುತಿ ಕೂದಲೆಳೆಯಷ್ಟು ಆಚೀಚೆ ಆಗುವುದು ತಪ್ಪದು. ಆ ಕೂದಲೆಳೆಯೇ ನಿಮಗೆ ಚೂಪಾಗಿ ಕೇಳಿಸುತ್ತಿದೆ. ಗಿಟಾರಿನ ಧ್ವನಿಯನ್ನು ಆಂಪ್ಲಿಫೈಯರ್ ಸಿಡಿಯುವಷ್ಟು ಏರಿಸಿರುವುದರಿಂದ, ಪಿಟೀಲಿನ ಕಮಾನಿನ ಕೆರಕಲೂ ವಿದ್ಯುತ್ತಿನಲ್ಲಿ ದೊಡ್ಡದಾಗಿ ಬರುವುದರಿಂದ, ಎರಡೂ ಸೇರಿ ಗರಗಸದಂಥ ಮೂರನೆಯ ವಾದ್ಯವೊಂದು ಹುಟ್ಟುತ್ತದೆ. ಕೆಲವರಿಗೆ ಅದೇ ಈ ತಂಡದ ಗುರುತು. ನನಗೆ ಅದು ಐದು ನಿಮಿಷ ಚೆನ್ನ, ಹತ್ತು ನಿಮಿಷ ಹಿಂಸೆ. ಕೊನೆಯ ಕೃತಿ ‘ಅವೇಕನಿಂಗ್’ ಮೂರೂವರೆ ನಿಮಿಷದ್ದೇ ಆದರೂ ನನಗೆ ಬರಿಯ ಸಾಧಕದಂತೆ, ಅಂದರೆ ಕೈ ಪಳಗಿಸುವ ಅಭ್ಯಾಸದಂತೆ ಕೇಳುತ್ತದೆ. ಅದರ ಬದಲು ‘ಯೂ ನೋ ಯೂ ನೋ’ದಲ್ಲೇ ಮುಗಿಸಿದ್ದರೆ ಆಲ್ಬಮ್‌ನ ಬಗ್ಗೆ ಜನರ ಅಭಿಪ್ರಾಯವೇ ಬೇರೆಯಾಗುತ್ತಿತ್ತು.

ಇದಕ್ಕಿಂತ ಎರಡನೆಯ ಆಲ್ಬಮ್ ಮೇಲು ಎನ್ನುವವರ ಗುಂಪಿಗೆ ನಾನು ಸೇರಿದವಳು. 1973ರ ‘ಬರ್ಡ್ಸ್ ಆಫ್ ಫೈರ್’ನಲ್ಲಿ ಪಿಯಾನೊ ನುಡಿಸುವ ಯಾನ್ ಹ್ಯಾಮರ್ ಅವರ ಕೈಗೆ ಮಿನಿಮೂಗ್ ಸಿಂಥಸೈಝರ್ ಬಂದಿದೆ. ಎಲೆಕ್ಟ್ರಿಕ್ ಪಿಯಾನೊದಲ್ಲಿ ಸ್ವರವನ್ನು ಒತ್ತಿದ ಮೇಲೆ ಅದನ್ನು ಜಾರಿಸಲು ಆಗುವುದಿಲ್ಲ. ಮಿನಿಮೂಗ್‌ನಲ್ಲಿ ಎಡಗೈಯ ಚಕ್ರದಿಂದ ಸ್ವರವನ್ನು ಬಾಗಿಸಬಹುದು, ಗಮಕದಂತೆ ಅಲುಗಿಸಬಹುದು. ಮೊದಲ ಆಲ್ಬಮ್‌ನಲ್ಲಿ ಹಿಂದೆ ಉಳಿದಂತಿದ್ದ ಹ್ಯಾಮರ್ ಇದರಿಂದ ಗಿಟಾರ್ ಮತ್ತು ಪಿಟೀಲುಗಳಿಗೆ ಸರಿಸಮನಾಗಿ ಮಾತಿಗೆ ನಿಲ್ಲುತ್ತಾರೆ, ಮೂವರ ದನಿ ಮೂರಾಗಿ ಕೇಳುತ್ತದೆ. ‘ಯಾರು ಏನು ಹೇಳುತ್ತಿದ್ದಾರೆ ತಿಳಿಯುವುದಿಲ್ಲ’ ಎಂಬ ನಿಮ್ಮ ದೂರು ಅಲ್ಲಿ ಅರ್ಧಕ್ಕರ್ಧ ಇಲ್ಲವಾಗುತ್ತದೆ. ಹೊರಬಂದ ಕಾಲದ ಕೇಳುಗರೂ ಹೀಗೆಯೇ ತೀರ್ಮಾನಿಸಿದಂತೆ ಕಾಣುತ್ತದೆ: ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೆಯದು 89ನೆಯ ಸ್ಥಾನದವರೆಗೆ ಏರಿದರೆ ಎರಡನೆಯದು 15ರವರೆಗೆ ಹೋಯಿತು. ಮೊದಲನೆಯದರ ಕೀರ್ತಿ ಅಷ್ಟರೊಳಗೆ ಹರಡಿದ್ದೂ ಅದಕ್ಕೆ ಕಾರಣವಿರಬಹುದು ಎಂದು ಲಯಲೆಕ್ಕ ಅವರು ಆಕ್ಷೇಪಿಸುತ್ತಾರೆಂದು ಬಲ್ಲೆ, ಆಕ್ಷೇಪ ನ್ಯಾಯವಾದದ್ದೇ.

ಪ್ರದರ್ಶನವೇ ಎಂದು ಕೇಳಿದ್ದೀರಿ. ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿದ್ದ ಮೆಕ್‌ಲಾಫ್ಲಿನ್ ಅವರಿಗೆ ‘ಮಹಾವಿಷ್ಣು’ ಎಂಬುದು ಗುರುಗಳು ಕೊಟ್ಟ ಹೆಸರು, ತಂಡಕ್ಕೂ ಅದೇ ಹೆಸರಾಯಿತು. ಅವರ ಮಟ್ಟಿಗೆ ಆ ವೇಗ ಭಜನೆಯ ಕೊನೆಯ ಸುತ್ತಿನಲ್ಲಿ ಕಾಲ ಏರುವಂಥದು, ಆವೇಶ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಂಟೂ ಕೃತಿಗಳು ಅವರೊಬ್ಬರ ರಚನೆಗಳೇ. ಉಳಿದ ನಾಲ್ವರೂ ಅದೇ ಆವೇಶದಲ್ಲಿ ಇದ್ದರೇ, ಅಥವಾ ಅದನ್ನು ಅದ್ಭುತವಾಗಿ ನುಡಿಸಿಕೊಟ್ಟರೇ ಎಂಬುದು ಬೇರೆ ಪ್ರಶ್ನೆ. ಈ ಐವರ ತಂಡ 1973ರ ಕೊನೆಗೆ ಒಡೆಯಿತು. ಅದೇ ವರ್ಷ ಮುದ್ರಿಸಿ ಒಳಗಿಟ್ಟಿದ್ದ, 1999ರಲ್ಲಷ್ಟೇ ಹೊರಬಂದ ‘ದ ಲಾಸ್ಟ್ ಟ್ರೈಡೆಂಟ್ ಸೆಷನ್ಸ್’ನಲ್ಲಿ ಹ್ಯಾಮರ್, ಗುಡ್‌ಮನ್ ಮತ್ತು ಬೇಸ್ ನುಡಿಸುವ ಲೇರ್ಡ್ ಈ ಮೂವರ ರಚನೆಗಳೂ ಇವೆ. ಅದನ್ನು ಕೇಳಿದ ಮೇಲೆ ಮೊದಲ ಆಲ್ಬಮ್‌ನಲ್ಲಿ ಒಬ್ಬರ ಉಸಿರಿನ ವೇಗಕ್ಕೆ ಐವರು ಓಡುತ್ತಿದ್ದಾರೆ ಎಂಬ ಅನಿಸಿಕೆ ನನ್ನಲ್ಲಿ ಗಟ್ಟಿಯಾಯಿತು.

ಮಂದ್ರಸ್ಥಾಯಿ:

ಇಷ್ಟು ಹೊತ್ತು ಎಲ್ಲರೂ ಮೇಲುಸ್ಥಾಯಿಯ ಮೂವರ ಬಗ್ಗೆ, ಹೆಚ್ಚೆಂದರೆ ಕೋಬಮ್ ಬಗ್ಗೆ ಮಾತನಾಡಿದಿರಿ. ಬೇಸ್ ನುಡಿಸುವವರ ಪಾಡು ಎಲ್ಲ ಕಡೆಯೂ ಇಷ್ಟೇ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಹೊಸಕೇಳುಗ ಅವರು ಪಾಸ್ಟೋರಿಯಸ್ ಅವರ ಬೇಸ್ ಮೆಚ್ಚಿ ಈ ಕಡೆ ಬಂದವರು ಎಂದ ಮೇಲೆ, ರಿಕ್ ಲೇರ್ಡ್ ಅವರ ಹೆಸರನ್ನು ಯಾರಾದರೂ ಎತ್ತಲೇಬೇಕು.

ಡಬ್ಲಿನ್‌ನಲ್ಲಿ ಹುಟ್ಟಿ, ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಬಂದುಹೋಗುವ ದೊಡ್ಡ ಕಲಾವಿದರಿಗೆಲ್ಲ ಪಕ್ಕವಾದ್ಯ ನುಡಿಸಿ ಪಳಗಿದವರು ಲೇರ್ಡ್. ಅವರಲ್ಲಿ ಪಾಸ್ಟೋರಿಯಸ್ ಅವರ ಹಾಡುಗಾರಿಕೆಯನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಉಳಿದ ನಾಲ್ವರೂ ಹಾರಾಡುತ್ತಿರುವಾಗ ಒಬ್ಬರಾದರೂ ನೆಲದ ಮೇಲೆ ನಿಂತಿರಬೇಕು ಎಂದು ತೀರ್ಮಾನಿಸಿಕೊಂಡವರಂತೆ, ಕೆಲವೇ ಸ್ವರಗಳ ಒಂದು ಸಾಲನ್ನು ಹಿಡಿದು, ಬೇಸರವಿಲ್ಲದೆ, ಅಲಂಕಾರವಿಲ್ಲದೆ ನುಡಿಸುತ್ತಲೇ ಇರುತ್ತಾರೆ. ಲಯಲೆಕ್ಕ ಅವರು ಹೇಳಿದ ‘ಓಡದೆ ಇರುವ ವಸ್ತು’ ಗಿಟಾರಿನ ಸುತ್ತಿಗಿಂತ ಹೆಚ್ಚಾಗಿ ಇವರೇ ಎಂಬುದು ನನ್ನ ಪಕ್ಷಪಾತದ ನಿಲುವು. ಗಿಟಾರ್ ತನ್ನ ಸುತ್ತನ್ನು ಬಿಟ್ಟು ಮೇಲೇರಿದಾಗಲೂ ಲೇರ್ಡ್ ಬಿಡುವುದಿಲ್ಲ.

ಇದು ನಿಮ್ಮ ಹೆಡ್‌ಫೋನಿನ ಪ್ರಶ್ನೆಗೂ ಸೇರಿದ ವಿಚಾರ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಫೋನಿನ ಸ್ಪೀಕರ್ ಮತ್ತು ಅಗ್ಗದ ಇಯರ್‌ಫೋನುಗಳು ಅಷ್ಟು ಕೆಳಗಿನ ಸ್ವರವನ್ನು ಬಹಳ ಕ್ಷೀಣವಾಗಿ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ಇನ್ನೊಂದು ಕಡೆ, ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವುದು ಸೆಕೆಂಡಿಗೆ ಎರಡು ಸಾವಿರದಿಂದ ಐದು ಸಾವಿರ ಕಂಪನಗಳ ನಡುವೆ. ಸಿಡಿಯುವ ಗಿಟಾರ್, ಪಿಟೀಲಿನ ಕಮಾನು, ಕೋಬಮ್ ಅವರ ಸಿಂಬಲ್‌ಗಳ ತೀಕ್ಷ್ಣತೆಯೆಲ್ಲ ಅಲ್ಲಿಯೇ ಗುಂಪುಗೂಡಿರುತ್ತದೆ. 1971ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಈ ಧ್ವನಿಮುದ್ರಣದಲ್ಲಿ ಬೇಸ್ ಮೊದಲೇ ಸ್ವಲ್ಪ ಹಿಂದೆ ಇದೆ. ನಮ್ಮ ಉಪಕರಣ ಅದನ್ನೂ ಕಳೆದುಬಿಟ್ಟರೆ ಉಳಿಯುವುದು ಅಡಿಪಾಯವಿಲ್ಲದ ಗೋಪುರ. ಜೋರಾಗಿ ಇಟ್ಟು ಕೇಳುವುದೇ ಈ ಸಂಗೀತಕ್ಕೆ ಮರ್ಯಾದೆ ಎಂಬ ನಂಬಿಕೆಯೊಂದು ಅಭಿಮಾನಿಗಳಲ್ಲಿ ಇದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಕೆಳಸ್ವರಗಳನ್ನು ಸರಿಯಾಗಿ ಕೊಡುವ ದೊಡ್ಡ ಸ್ಪೀಕರುಗಳಲ್ಲಿ, ಪಕ್ಕದವರೊಡನೆ ಮಾತನಾಡಲು ಆಗುವಷ್ಟು ಮೆಲುವಾಗಿ ಇಟ್ಟು, ‘ವೈಟಲ್ ಟ್ರಾನ್ಸ್‌ಫರ್ಮೇಶನ್’ ಕೇಳಿ ನೋಡಿ. ಒಂಬತ್ತರ ಆ ಸುತ್ತಿನಲ್ಲಿ ಡ್ರಮ್ಸ್ ಮತ್ತು ಬೇಸ್ ಹೇಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ ಎಂಬುದು ಜೋರಾಗಿ ಇಟ್ಟಾಗ ಎಂದೂ ಕೇಳಿಸುವುದಿಲ್ಲ.

ನೀವು ಮೆಚ್ಚಿದ ‘ಯೂ ನೋ ಯೂ ನೋ’ ಬಗ್ಗೆಯೂ ಹೇಳಬೇಕು. ಬಹುಶಃ ನಿಮಗೆ ಆಲ್ಬಮ್‌ನ ಗುಟ್ಟು ಈಗಾಗಲೇ ಸಿಕ್ಕಿದೆ, ನೀವೇ ಗಮನಿಸಿಲ್ಲ. ಐದು ನಿಮಿಷದ ಆ ಕೃತಿಯಲ್ಲಿ ಒಬ್ಬರೂ ದೀರ್ಘವಾಗಿ ನುಡಿಸುವುದಿಲ್ಲ. ಗಿಟಾರಿನ ಆ ಪುಟ್ಟ, ಸ್ವಲ್ಪ ವಿಷಾದದ ಸುತ್ತು ಮೊದಲಿನಿಂದ ಕೊನೆಯವರೆಗೆ ತಿರುಗುತ್ತದೆ. ನಡುನಡುವೆ ಒಬ್ಬೊಬ್ಬರು ಬಂದು ಒಂದು ಮಾತು ಎಸೆದು ಹೋಗುತ್ತಾರೆ. ಕೊನೆಯತ್ತ ಸುತ್ತಿನ ಮಧ್ಯದ ಖಾಲಿ ಜಾಗಗಳಲ್ಲಿ ಕೋಬಮ್ ಒಮ್ಮೆ ಗುಡುಗಿ ನಿಲ್ಲುತ್ತಾರೆ, ಸುತ್ತು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ, ಮತ್ತೆ ಗುಡುಗುತ್ತಾರೆ. ಆ ಖಾಲಿ ಜಾಗಗಳಿಗೆ ಎಷ್ಟು ಬೆಲೆಯಿದೆ ಎಂಬುದು ಇಪ್ಪತ್ತು ವರ್ಷಗಳ ನಂತರ ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡಕ್ಕೂ ಹೊಳೆಯಿತು. ತಮ್ಮ 1991ರ ‘ಬ್ಲೂ ಲೈನ್ಸ್’ ಆಲ್ಬಮ್‌ನ ‘ಒನ್ ಲವ್’ ಹಾಡಿಗೆ ಇದೇ ಸುತ್ತನ್ನು ಎತ್ತಿಕೊಂಡರು. ಅದರ ಮೇಲೆ ನಿಧಾನವಾದ ಹಾಡುಗಾರಿಕೆ ಎಷ್ಟು ಸಲೀಸಾಗಿ ಕೂರುತ್ತದೆ ಎಂಬುದನ್ನು ಕೇಳಿದರೆ, ಈ ತಂಡದ ತಳಪಾಯ ವೇಗದ್ದಲ್ಲ ಎಂಬ ಲಯಲೆಕ್ಕ ಅವರ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಅಂದಹಾಗೆ ಲೇರ್ಡ್ 1980ರ ದಶಕದಲ್ಲಿ ಸಂಗೀತದಿಂದ ಬಹುತೇಕ ದೂರ ಸರಿದು ಛಾಯಾಗ್ರಾಹಕರಾದರು, 2021ರಲ್ಲಿ ತೀರಿಕೊಂಡರು. ಒಂದೇ ಜಾಗದಲ್ಲಿ ಅಲುಗದೆ ನಿಂತು ನೋಡುವ ಕೆಲಸವನ್ನು ಅವರು ಆರಿಸಿಕೊಂಡದ್ದು ನನಗೇನೂ ಆಶ್ಚರ್ಯವೆನಿಸಲಿಲ್ಲ.

ಹೊಸಕೇಳುಗ:

ಮೂವರಿಗೂ ಕೃತಜ್ಞತೆಗಳು. ಉತ್ತರಿಸಲು ಹತ್ತು ದಿನ ತಡವಾಯಿತು, ಏಕೆಂದರೆ ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯಬೇಕೆಂದಿದ್ದೆ.

ಮೊದಲು ಮಾಡಿದ್ದು ಎರಡು ಬದಿಗಳನ್ನು ಬೇರೆ ಮಾಡಿದ್ದು. ತಂತಿನಾದ ಅವರು ಹೇಳಿದಂತೆ ‘ಲೋಟಸ್’ ಆದ ಮೇಲೆ ನಿಲ್ಲಿಸಿ ಎದ್ದುಹೋದೆ. ಇಷ್ಟು ಸಣ್ಣ ವಿಷಯ ಇಷ್ಟು ವ್ಯತ್ಯಾಸ ಮಾಡುತ್ತದೆ ಎಂದು ನಾನು ತಿಳಿದಿರಲಿಲ್ಲ. ನನ್ನ ಆಯಾಸದ ಅರ್ಧ ಪಾಲು ವಿರಾಮವಿಲ್ಲದೆ ಕೇಳಿದ್ದರಿಂದಲೇ ಬಂದಿತ್ತು. ಮರುದಿನ ಪರಿಚಿತರೊಬ್ಬರ ದೊಡ್ಡ ಸ್ಪೀಕರುಗಳಲ್ಲಿ ಎರಡನೆಯ ಬದಿಯನ್ನು ಮೆಲುವಾಗಿ ಕೇಳಿದೆ. ಲೇರ್ಡ್ ಅವರನ್ನು ನಾನು ಕೇಳಿದ್ದು ಅದೇ ಮೊದಲು ಎನ್ನಬೇಕು. ‘ವೈಟಲ್ ಟ್ರಾನ್ಸ್‌ಫರ್ಮೇಶನ್’ನಲ್ಲಿ ಒಂಬತ್ತನ್ನು ಎಣಿಸದೆ ಬೇಸ್ ಹಿಡಿದು ಕೂತಾಗ, ನಾಲ್ಕೈದು ಸುತ್ತುಗಳ ನಂತರ ಕಾಲು ತಾನಾಗಿ ಸಮಕ್ಕೆ ಬೀಳತೊಡಗಿತು, ಮೇಲಿನ ಗಲಾಟೆ ಗಲಾಟೆಯೆನಿಸದೆ ಸಂಭಾಷಣೆಯಂತೆ ಕೇಳಿತು.

‘ಮಾಯಾ’ದ ಕೊನೆಯಲ್ಲಿ ಹತ್ತರ ಸುತ್ತು ಮರಳಿ ಬರುವುದನ್ನು ಮಾತ್ರ ಮೊದಲ ಸಲ ತಪ್ಪಿಸಿಕೊಂಡೆ. ಇಪ್ಪತ್ತರ ಎಡವುನಡೆಯಲ್ಲಿ ಎಷ್ಟು ಮುಳುಗಿದ್ದೆನೆಂದರೆ ಅದು ಬಂದು ಕೂತದ್ದು ಗೊತ್ತೇ ಆಗಲಿಲ್ಲ. ಹಿಂದಕ್ಕೆ ಹೋಗಿ ಎರಡನೆಯ ಸಲ ಕೇಳಿದಾಗ ನನಗರಿವಿಲ್ಲದೆ ನಕ್ಕುಬಿಟ್ಟೆ. ಪಕ್ಕದಲ್ಲಿದ್ದವರು ಏಕೆಂದು ಕೇಳಿದರು. ವಿವರಿಸಲು ಹೋಗಿ ಸೋತೆ.

ಒಪ್ಪಿಗೆಯಾಗದ್ದೂ ಇದೆ. ‘ನೂನ್‌ವರ್ಡ್ ರೇಸ್’ ನನಗೆ ಈಗಲೂ ಉದ್ದವಾಯಿತು ಎನಿಸುತ್ತದೆ. ಒಬ್ಬರಾದ ಮೇಲೊಬ್ಬರು ಸರದಿಯಂತೆ ಓಡುತ್ತಾರೆ, ಆದರೆ ‘ಮಾಯಾ’ದಂತೆ ಅಲ್ಲಿ ಕೊನೆಗೆ ಏನೂ ಬಿಚ್ಚಿಕೊಳ್ಳುವುದಿಲ್ಲ, ಹೊರಟ ಜಾಗಕ್ಕೆ ಬಂದು ನಿಲ್ಲುತ್ತಾರೆ. ಹ್ಯಾಮರ್ ಅವರ ಪಿಯಾನೊ ಅಲ್ಲಿ ಎಷ್ಟು ಕೆರಕಲಾಗಿದೆಯೆಂದರೆ ಅದು ಗಿಟಾರಲ್ಲವೆಂದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು. ‘ಅವೇಕನಿಂಗ್’ ವಿಚಾರದಲ್ಲಿ ನಾನು ತಂತಿನಾದ ಅವರ ಪಕ್ಷ.

ಲಯಲೆಕ್ಕ:

‘ನೂನ್‌ವರ್ಡ್ ರೇಸ್’ ಬಗ್ಗೆ ನೀವು ಬರೆದದ್ದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ, ಅಲ್ಲಿ ನಾನು ಕೋಬಮ್ ಅವರ ಕೈಯನ್ನಷ್ಟೇ ಕೇಳುತ್ತೇನೆ. ಆದರೆ ‘ಅವೇಕನಿಂಗ್’ ಸಾಧಕ ಎಂದವರ ಸಂಖ್ಯೆ ಈಗ ಎರಡಾಯಿತು, ಹಾಗಾಗಿ ಒಂದು ಮಾತು. ‘ಯೂ ನೋ ಯೂ ನೋ’ದಲ್ಲಿ ಐದು ನಿಮಿಷ ಎಲ್ಲರೂ ಬಾಯಿ ಬಿಗಿಹಿಡಿದು ಕೂತಿದ್ದರಲ್ಲ, ಆ ಬಿಗಿಹಿಡಿದದ್ದೇ ‘ಅವೇಕನಿಂಗ್’ನಲ್ಲಿ ಒಡೆಯುವುದು. ಎರಡನ್ನೂ ಬೇರೆ ಬೇರೆ ಕೇಳಿದರೆ ಅದು ಸಾಧಕವೇ. ಒಟ್ಟಿಗೆ, ನಡುವೆ ಎದ್ದುಹೋಗದೆ, ಎಂಟೂವರೆ ನಿಮಿಷದ ಒಂದೇ ಕೃತಿಯೆಂದು ಒಮ್ಮೆ ಕೇಳಿ ನೋಡಿ.

ತಂತಿನಾದ:

ಕೇಳಿದೆ, ಈಗಷ್ಟೇ. ಸಾಧಕವೇ. ಆದರೆ ಕೋಬಮ್ ಅವರ ಕೊನೆಯ ಗುಡುಗಿನ ನಂತರದ ಆ ಚಿಕ್ಕ ಮೌನದಲ್ಲಿ, ಮುಂದೆ ಏನು ಬರುತ್ತದೆಂದು ಗೊತ್ತಿದ್ದೂ, ಸ್ವಲ್ಪ ಮುಂದಕ್ಕೆ ಬಾಗಿ ಕೂತಿದ್ದೆ.